ದಿಲ್ಲಿಗಿಂತ ವಾಸಿ ಎಂಬ ಸಮಾಧಾನ

ನವೆಂಬರ್ ಬಂತೆಂದರೆ ಬೆಂಗಳೂರಿಗೆ ಒಂದು ಬಗೆಯ ಹಿಗ್ಗು. ಟಿವಿಯಲ್ಲಿ ಇಂಡಿಯಾ ಗೇಟ್ ಬೂದು ಹೊಗೆಯಲ್ಲಿ ಮಾಯವಾಗಿರುತ್ತದೆ, ಶಾಲೆಗಳಿಗೆ ರಜೆ ಕೊಟ್ಟ ಸುದ್ದಿ ಓಡುತ್ತಿರುತ್ತದೆ, ಪರದೆಯ ಮೂಲೆಯಲ್ಲಿ ನಾನೂರು ದಾಟಿದ ಸಂಖ್ಯೆಯೊಂದು ಕೆಂಪಗೆ ಮಿನುಗುತ್ತಿರುತ್ತದೆ. ಅದರ ಕೆಳಗೇ ಬೆಂಗಳೂರಿನ ಸಂಖ್ಯೆ, ಎಂಬತ್ತೋ ತೊಂಬತ್ತೋ, ತಿಳಿಹಸಿರು ಬಣ್ಣದಲ್ಲಿ. ಸಂಜೆಯೊಳಗೆ ಆ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಒಂದು ಸುತ್ತು ಹಾಕಿರುತ್ತದೆ. ಟ್ರಾಫಿಕ್ ಇರಲಿ, ಕಾವೇರಿ ನೀರು ಬಾರದಿರಲಿ, ನಮ್ಮೂರಲ್ಲಿ ಉಸಿರಾಡಬಹುದಪ್ಪ ಎಂಬ ಮಾತು ಎಲ್ಲರ ಬಾಯಲ್ಲೂ. ಅಧಿಕಾರದಲ್ಲಿರುವವರು ಇದನ್ನು ಹೇಳುತ್ತಾರೆ, ಸೈಟು ಮಾರುವ ಏಜೆಂಟರು ಹೇಳುತ್ತಾರೆ, ದಿಲ್ಲಿಯಿಂದ ವರ್ಗವಾಗಿ ಬಂದವರಂತೂ ಸ್ವಂತ ಅನುಭವದ ಮುದ್ರೆ ಒತ್ತಿಯೇ ಹೇಳುತ್ತಾರೆ.

ದಿಲ್ಲಿಯ ಗಾಳಿ ನಮ್ಮದಕ್ಕಿಂತ ಕೆಟ್ಟದ್ದು ಎಂಬುದರಲ್ಲಿ ನನ್ನ ತಕರಾರಿಲ್ಲ. ಪಿಎಂ 2.5 ಎಂಬ ಸಣ್ಣ ಕಣಗಳ ವರ್ಷದ ಸರಾಸರಿ ಅಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಆಸುಪಾಸು, ಇಲ್ಲಿ 30ರ ಆಸುಪಾಸು. ತಕರಾರು ಇರುವುದು ಅಲ್ಲಿಂದ ನಾವು ಎಳೆದುಕೊಳ್ಳುವ ತೀರ್ಮಾನದ ಬಗ್ಗೆ. ಎಲ್ಲ ವಿಷಯದಲ್ಲೂ ಡುಮ್ಕಿ ಹೊಡೆದ ಪಕ್ಕದ ಮನೆ ಹುಡುಗನನ್ನು ತೋರಿಸಿ, ಮೂರೇ ವಿಷಯದಲ್ಲಿ ಫೇಲಾದ ಮಗನಿಗೆ ಸೈಕಲ್ ಕೊಡಿಸುವ ಅಪ್ಪನ ಲೆಕ್ಕ ಇದು. ಮೂವತ್ತು ಮೈಕ್ರೋಗ್ರಾಂ ಗಾಳಿ ಮನುಷ್ಯನ ಹೃದಯಕ್ಕೆ, ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ದಿಲ್ಲಿಯನ್ನು ಕೇಳಿ ಉಪಯೋಗವಿಲ್ಲ. ಅದಕ್ಕೆ ಬೇರೆಯೇ ಸಾಕ್ಷ್ಯ ಇದೆ. ಆ ಸಾಕ್ಷ್ಯ ನಮ್ಮ ಪರವಾಗಿಲ್ಲ.

ಮೊದಲು ಆ ಹಸಿರು ಬಣ್ಣವನ್ನೇ ಹಿಡಿಯೋಣ. ವಾಯು ಗುಣಮಟ್ಟ ಸೂಚ್ಯಂಕ, ಜನ ಎಕ್ಯುಐ ಅನ್ನುವುದು, ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2015ರಲ್ಲಿ. ಪಿಎಂ 2.5, ಪಿಎಂ 10, ನೈಟ್ರೋಜನ್ ಡೈಆಕ್ಸೈಡ್, ಓಝೋನ್ ಹೀಗೆ ಎಂಟು ಮಾಲಿನ್ಯಕಾರಕಗಳ ಲೆಕ್ಕ ಅದರಲ್ಲಿದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐನೂರರ ನಡುವೆ ಒಂದು ಅಂಕ ಕೊಡುತ್ತಾರೆ. ಯಾವುದರ ಅಂಕ ಎಲ್ಲಕ್ಕಿಂತ ಹೆಚ್ಚೋ ಅದೇ ಆ ಜಾಗದ ಸೂಚ್ಯಂಕ. ಎರಡನೆಯದು, ಮೂರನೆಯದು ಎಷ್ಟೇ ಮೇಲಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಕಣಗಳನ್ನೂ ಹೊಗೆಯನ್ನೂ ಒಟ್ಟಿಗೇ ನುಂಗುವ ಶ್ವಾಸಕೋಶಕ್ಕೆ ಈ ರಿಯಾಯಿತಿ ಇಲ್ಲ.

ಇನ್ನು ಪಿಎಂ 2.5ರ ಅಂಕಪಟ್ಟಿ. ದಿನದ ಸರಾಸರಿ 30ರ ತನಕ ಇದ್ದರೆ ‘ಉತ್ತಮ’. 60ರ ತನಕ ‘ತೃಪ್ತಿಕರ’. 90ರ ತನಕ ‘ಮಧ್ಯಮ’. ಈ 60 ಯಾವ ವೈದ್ಯರ ಬರಹದಿಂದಲೂ ಬಂದದ್ದಲ್ಲ. 2009ರ ನವೆಂಬರಿನಲ್ಲಿ ಹೊರಬಿದ್ದ ರಾಷ್ಟ್ರೀಯ ಮಾನದಂಡದಲ್ಲಿ ದಿನದ ಮಿತಿ 60, ವರ್ಷದ ಮಿತಿ 40 ಎಂದಿದೆ, ಸೂಚ್ಯಂಕದ ನೂರು ಎಂಬ ಗೆರೆಯನ್ನು ಅಲ್ಲಿಗೇ ಕಟ್ಟಿದ್ದಾರೆ. ಈಗ ಒಂದು ದಿನ ಬೆಂಗಳೂರಿನ ಪಿಎಂ 2.5 ಸರಾಸರಿ 45 ಇತ್ತು ಎಂದಿಟ್ಟುಕೊಳ್ಳಿ, ಬೇಸಿಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಅಪರೂಪವೇನಲ್ಲ. ನಮ್ಮ ಲೆಕ್ಕದಲ್ಲಿ ಸೂಚ್ಯಂಕ 75, ತೃಪ್ತಿಕರ, ಹಸಿರು. ಅದೇ ಗಾಳಿಯನ್ನು ಅಮೆರಿಕದ ಪಟ್ಟಿಗೆ ಹಾಕಿದರೆ ನೂರಿಪ್ಪತ್ತು ದಾಟುತ್ತದೆ, ಬಣ್ಣ ಕಿತ್ತಳೆ. ಆಸ್ತಮಾ ಇದ್ದವರು, ಮಕ್ಕಳು, ವಯಸ್ಸಾದವರು ಹುಷಾರು ಎಂಬ ಸೂಚನೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ದಿನಕ್ಕೆ 15 ಮೀರಬಾರದು. ಅಂದರೆ ನಮಗೆ ತೃಪ್ತಿ ಕೊಟ್ಟ ಆ ದಿನ ಅವರ ಮಿತಿಯ ಮೂರು ಪಟ್ಟು. ಡಲ್ಲಾಸಿನಲ್ಲಿರುವ ಮಗಳಿಗೆ ಕಿತ್ತಳೆ, ಬಸವನಗುಡಿಯಲ್ಲಿರುವ ಅಮ್ಮನಿಗೆ ಹಸಿರು. ಇಬ್ಬರ ಶ್ವಾಸಕೋಶವೂ ಒಂದೇ ಮನೆತನದ್ದು.

ಮಿತಿ ಎಂಬುದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅಮೆರಿಕ 2024ರಲ್ಲಿ ತನ್ನ ವಾರ್ಷಿಕ ಮಿತಿಯನ್ನು 12ರಿಂದ 9ಕ್ಕೆ ಇಳಿಸಿತು. ಯುರೋಪಿಯನ್ ಒಕ್ಕೂಟ ಅದೇ ವರ್ಷ, 25 ಇದ್ದ ಮಿತಿಯನ್ನು 2030ಕ್ಕೆ 10 ಮಾಡಬೇಕೆಂದು ಕಾನೂನು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 10 ಎಂದದ್ದನ್ನು 5ಕ್ಕೆ ತಂದಿತು. ನಮ್ಮ 40 ಮಾತ್ರ 2009ರಿಂದ ಕದಲಿಲ್ಲ. ನಡುವೆ ಬಂದ ಅಧ್ಯಯನಗಳೆಲ್ಲ ನಮ್ಮ ಗೆಜೆಟ್ಟಿನ ಬಾಗಿಲು ತಟ್ಟಿ ತಟ್ಟಿ ವಾಪಸು ಹೋದಂತಿವೆ.

ಇಲ್ಲಿ ಒಂದು ಸಿದ್ಧ ಉತ್ತರ ಬರುತ್ತದೆ: ಐದು ಎಂಬುದು ಶ್ರೀಮಂತ ದೇಶಗಳ ಚೆಂದದ ಕನಸು, ನಮ್ಮಂಥ ಧೂಳಿನ ದೇಶಕ್ಕೆ ಹೊಂದುವುದಿಲ್ಲ. ಐದು ಕಷ್ಟ, ನಿಜ. ಯುರೋಪಿನ ಬಹುಪಾಲು ನಗರಗಳಿಗೂ ಅದು ದಕ್ಕಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯೇ ಒಂದೇ ನೆಗೆತಕ್ಕೆ ಐದಕ್ಕೆ ಬನ್ನಿ ಎಂದಿಲ್ಲ. ಮಾಲಿನ್ಯ ಹೆಚ್ಚಿರುವ ಕಡೆಗಳಿಗೆಂದೇ ನಡುವೆ ಮೆಟ್ಟಿಲು ಇಟ್ಟಿದೆ: 35, 25, 15, 10. ನಮ್ಮ 40 ಆ ಮೊದಲ ಮೆಟ್ಟಿಲನ್ನೂ ಹತ್ತಿಲ್ಲ. ಕನಸು ದೂರವಿದೆ ಎನ್ನುವವರು ಹೊಸ್ತಿಲನ್ನೇ ದಾಟದೆ ಆ ಮಾತು ಆಡುತ್ತಿದ್ದಾರೆ.

ಸರಿ, ಸಂಖ್ಯೆ ಹುಟ್ಟುವ ಜಾಗಕ್ಕೇ ಹೋಗೋಣ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ಎಂದರೆ ಎಸಿ ಹಾಕಿದ ಒಂದು ಪುಟ್ಟ ಕೋಣೆ, ಅದರ ತಾರಸಿಯಿಂದ ಮೇಲೆದ್ದ ಒಂದು ಕೊಳವೆ. ಕೊಳವೆ ಗಂಟೆಗೆ ಸುಮಾರು ಒಂದು ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ದೊಡ್ಡ ಧೂಳು ದಾರಿಯಲ್ಲೇ ಉದುರಿ, 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಮಾತ್ರ ಒಳಗೆ ಬಂದು, ಗಾಜಿನ ನಾರಿನ ಬಿಳಿ ಪಟ್ಟಿಯೊಂದರ ಮೇಲೆ ಕೂರುತ್ತವೆ. ಪಟ್ಟಿಯ ಒಂದು ಬದಿಯಲ್ಲಿ ಇಂಗಾಲ-14ರ ಚೂರು, ಅದರಿಂದ ಹೊರಡುವ ಬೀಟಾ ಕಿರಣ. ಇನ್ನೊಂದು ಬದಿಯಲ್ಲಿ ಆ ಕಿರಣವನ್ನು ಎಣಿಸುವ ಉಪಕರಣ. ಕಣ ಹೆಚ್ಚು ಕೂತಷ್ಟೂ ಆಚೆ ತಲುಪುವ ಕಿರಣ ಕಡಿಮೆ. ಆ ಕೊರತೆಯೇ ಕಣಗಳ ತೂಕ. ಗಂಟೆ ಮುಗಿದೊಡನೆ ಪಟ್ಟಿ ಒಂದಿಷ್ಟು ಮುಂದೆ ಸರಿಯುತ್ತದೆ, ಹೊಸ ಬಿಳಿ ಜಾಗ ಬಂದು ನಿಲ್ಲುತ್ತದೆ. ಬಳಸಿ ಸುತ್ತಿದ ಸುರುಳಿಯನ್ನು ಬಿಚ್ಚಿ ನೋಡಿದರೆ ಸಾಲಾಗಿ ದುಂಡು ಬೊಟ್ಟುಗಳು. ಬೆಳಗಿನ ಜಾವದ ಬೊಟ್ಟು ಬೂದು, ಆಫೀಸಿನ ಹೊತ್ತಿನದು ಕಪ್ಪು. ಊರಿನ ದಿನಚರಿ ಅಲ್ಲಿ ಗಂಟೆಗಂಟೆಗೂ ದಾಖಲಾಗಿರುತ್ತದೆ.

ಯಂತ್ರ ಸುಳ್ಳು ಹೇಳುವುದಿಲ್ಲ. ಅದನ್ನು ಓದಿ ಹೇಳುವ ಕ್ರಮದಲ್ಲಿದೆ ತೊಡಕು. ಆ ಕಪ್ಪು ಬೊಟ್ಟನ್ನು ಮೊದಲು ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಕರಗಿಸುತ್ತೇವೆ. ಬೆಳಿಗ್ಗೆ ಎಂಟೂವರೆಗೆ ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋದ ಮಗು ಉಸಿರಾಡಿದ ಗಾಳಿಗೆ, ರಾತ್ರಿ ಮೂರು ಗಂಟೆಯ ಖಾಲಿ ರಸ್ತೆಯ ಗಾಳಿ ಬೆರೆಯುತ್ತದೆ. ಆಮೇಲೆ ಎಲ್ಲ ಕೇಂದ್ರಗಳ ಸೂಚ್ಯಂಕ ಕೂಡಿಸಿ ಭಾಗಿಸಿ ಊರಿಗೊಂದು ಸಂಖ್ಯೆ ಮಾಡುತ್ತೇವೆ. ಸಿಲ್ಕ್ ಬೋರ್ಡಿನ ಹೊಗೆಗೆ ಜಯನಗರದ ಮರದ ನೆರಳು ಬೆರೆಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನಾ ಸಂಜೆ ನಾಲ್ಕಕ್ಕೆ ಹೊರಡಿಸುವ ಪಟ್ಟಿಯಲ್ಲಿ ಬೆಂಗಳೂರಿನ ಎದುರು ಕಾಣುವ ಸಂಖ್ಯೆ ಹೀಗೆ ಎರಡು ಸಲ ನೀರು ಹಾಕಿದ್ದು. ಆ ಸರಾಸರಿ ಗಾಳಿಯನ್ನು ಬೆಂಗಳೂರಿನಲ್ಲಿ ಯಾರೂ, ಯಾವತ್ತೂ ಉಸಿರಾಡಿಲ್ಲ. ವರ್ಷದ ಸರಾಸರಿಗೆ ಬಂದರೆ ಮುಂಗಾರು ಬೇರೆ ನಮ್ಮ ಕೈ ಹಿಡಿಯುತ್ತದೆ: ಜೂನಿನಿಂದ ಸೆಪ್ಟೆಂಬರ್ ತನಕ ಮಳೆ, ಗಾಳಿ ಎರಡೂ ಸೇರಿ ಊರು ತೊಳೆದದ್ದನ್ನು ನಮ್ಮ ಸಾಧನೆಯ ಖಾತೆಗೆ ಜಮಾ ಮಾಡಿಕೊಳ್ಳುತ್ತೇವೆ.

ಕೇಂದ್ರಗಳಿರುವ ಜಾಗವನ್ನೂ ನೋಡಬೇಕು. ಒಂದು ಕೋಟಿಗೂ ಮಿಕ್ಕಿದ ಜನ, ಒಂದು ಕೋಟಿ ದಾಟಿದ ವಾಹನ. ಇವಕ್ಕೆಲ್ಲ ಸೇರಿ ನಿರಂತರ ಮಾಪನ ಕೇಂದ್ರಗಳು ಒಂದು ಡಜನ್ ಆಚೀಚೆ. ನಿಯಮದಂತೆ ಗಾಳಿ ಎಳೆಯುವ ಬಾಯಿ ನೆಲದಿಂದ ಮೂರರಿಂದ ಹತ್ತು ಮೀಟರ್ ಎತ್ತರದಲ್ಲಿರಬೇಕು. ಒಂದೇ ಲಾರಿಯ ಹೊಗೆ ಇಡೀ ಬಡಾವಣೆಯ ಲೆಕ್ಕ ಕೆಡಿಸಬಾರದು ಎಂಬುದು ಅದರ ಉದ್ದೇಶ, ಅಷ್ಟರ ಮಟ್ಟಿಗೆ ಸರಿಯೇ. ಒಟ್ಟು ಊರಿನ ಗಾಳಿ ವರ್ಷದಿಂದ ವರ್ಷಕ್ಕೆ ಎತ್ತ ಹೊರಟಿದೆ ಎಂದು ತಿಳಿಯಲು ಅಂಥ ಕೇಂದ್ರ ಬೇಕು. ಆದರೆ ಆಟೋದ ಸೀಟು, ಬಸ್ ಸ್ಟಾಪಿನ ಬೆಂಚು, ಫುಟ್‌ಪಾತಿನ ಹೂವಿನ ಬುಟ್ಟಿ ಯಾವುದೂ ಮೂರು ಮೀಟರ್ ಎತ್ತರದಲ್ಲಿಲ್ಲ. ಸೈಲೆನ್ಸರ್ ಇರುವುದು ಮೊಣಕಾಲಿನ ಮಟ್ಟದಲ್ಲಿ, ಐದು ವರ್ಷದ ಮಗುವಿನ ಮೂಗು ಇರುವುದು ಅದಕ್ಕಿಂತ ಸ್ವಲ್ಪವೇ ಮೇಲೆ.

ಸಿ-ಸ್ಟೆಪ್ ಮತ್ತು ಐಎಲ್‌ಕೆ ಲ್ಯಾಬ್ಸ್ ಎಂಬ ಸಂಸ್ಥೆಗಳ ಸಂಶೋಧಕರು 2019ರ ಸುಮಾರಿಗೆ ಬೇರೊಂದು ದಾರಿ ಹಿಡಿದರು. ಕಾರಿನೊಳಗೆ ಉಪಕರಣ ಇಟ್ಟುಕೊಂಡು ಬೆಂಗಳೂರಿನ ಬೀದಿಗಳಲ್ಲಿ ಮತ್ತೆ ಮತ್ತೆ ಓಡಾಡಿ ಅಳೆದರು. ಪಿಎಂ 2.5 ಮುಖ್ಯ ರಸ್ತೆಗೂ ಒಳಬೀದಿಗೂ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಆದರೆ ಡೀಸೆಲ್ಲಿನಿಂದ ಬರುವ ಕಪ್ಪು ಮಸಿ, ಮತ್ತು ಇನ್ನೂ ಸೂಕ್ಷ್ಮವಾದ ಕಣಗಳು ದೊಡ್ಡ ರಸ್ತೆಗಳಲ್ಲಿ ಹಲವು ಪಟ್ಟು ಹೆಚ್ಚಿದ್ದವು. ಈ ಎರಡಕ್ಕೂ ನಮ್ಮ ಎಕ್ಯುಐ ಪಟ್ಟಿಯಲ್ಲಿ ಜಾಗವೇ ಇಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಸಂಶಯಕ್ಕೆಡೆಯಿಲ್ಲದ ಮೊದಲ ಗುಂಪಿಗೆ ಸೇರಿಸಿತು. ಮರುವರ್ಷ ಹೊರಗಿನ ಕಲುಷಿತ ಗಾಳಿಯನ್ನೂ ಒಟ್ಟಾರೆಯಾಗಿ ಅದೇ ಗುಂಪಿಗೆ ಹಾಕಿತು. ಹಾಗಾಗಿ ಸೂಚ್ಯಂಕ ಹಸಿರಾಗಿದೆ ಎಂದರೆ, ಅದು ಅಳೆಯಲು ಹೊರಟ ಎಂಟು ವಸ್ತುಗಳ ಮಟ್ಟಿಗೆ ಮಾತ್ರ.

ಈಗ ಮೈಗೆ ಬರೋಣ. ಬೆಂಗಳೂರಿನ ಮೂವತ್ತನ್ನು ಯಾವುದಕ್ಕೆ ಹೋಲಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ದಿಲ್ಲಿಯ ಹೆಸರು ಎತ್ತುವುದಿಲ್ಲ, ಅಮೆರಿಕದ ಓಹಾಯೋ ರಾಜ್ಯದ ಸ್ಟೂಬೆನ್‌ವಿಲ್ ಎಂಬ ಉಕ್ಕಿನ ಊರಿನ ಹೆಸರು ಹೇಳುತ್ತೇನೆ. ಹಾರ್ವರ್ಡಿನ ಸಂಶೋಧಕರು ಅಮೆರಿಕದ ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿ, ಯಾರು ಬದುಕಿದರು, ಯಾರು ಸತ್ತರು ಎಂದು ಲೆಕ್ಕ ಇಟ್ಟರು. ಸಿಗರೇಟು ಸೇದುವವರೆಷ್ಟು, ಮೈತೂಕ ಎಷ್ಟು, ಓದು ಎಷ್ಟು ಎಂಬುದನ್ನೆಲ್ಲ ಕಳೆದ ಮೇಲೂ, ಅತಿ ಕೊಳಕು ಗಾಳಿಯ ಊರಿನವರು ಸಾಯುವ ಪ್ರಮಾಣ ಅತಿ ಶುದ್ಧ ಗಾಳಿಯ ಊರಿನವರಿಗಿಂತ ಶೇ 26ರಷ್ಟು ಹೆಚ್ಚಿತ್ತು. 1993ರಲ್ಲಿ ಇದು ಅಚ್ಚಾದಾಗ ಅಲ್ಲಿನ ಉದ್ಯಮಗಳು ಬೆಚ್ಚಿಬಿದ್ದವು, ಅಲ್ಲಿನ ಕಾನೂನು ಬದಲಾಗಲು ಇದೇ ದೊಡ್ಡ ಕಾರಣ. ಆ ಅಧ್ಯಯನದ ಅತಿ ಕೊಳಕು ಊರು ಸ್ಟೂಬೆನ್‌ವಿಲ್. ಅಲ್ಲಿನ ಪಿಎಂ 2.5 ಎಷ್ಟಿತ್ತು ಗೊತ್ತೆ? ಮೂವತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ಒಂದು ದೇಶ ತನ್ನ ಕಾನೂನು ಬದಲಿಸಲು ಯಾವ ಗಾಳಿ ಸಾಕಾಯಿತೋ, ಆ ಗಾಳಿಯನ್ನೇ ಎಳೆದುಕೊಂಡು ನಾವು ಎದೆಯುಬ್ಬಿಸುತ್ತಿದ್ದೇವೆ.

ಅದು ಅಮೆರಿಕದ ಕಥೆ, ನಮ್ಮ ಮೈ ಬೇರೆ, ನಾವು ಅಭ್ಯಾಸ ಆದವರು ಎನ್ನುವವರಿಗೆ 2024ರಲ್ಲಿ ಬಂದ ಇನ್ನೊಂದು ಅಧ್ಯಯನ ಇದೆ. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಅಚ್ಚಾದ ಇದು ಹತ್ತು ಭಾರತೀಯ ನಗರಗಳ 2008ರಿಂದ 2019ರ ತನಕದ ಮೂವತ್ತಾರು ಲಕ್ಷದಷ್ಟು ಸಾವುಗಳನ್ನು ಆಯಾ ದಿನದ ಗಾಳಿಯೊಡನೆ ಇಟ್ಟು ನೋಡಿತು. ದಿಲ್ಲಿ, ಮುಂಬೈ, ವಾರಾಣಸಿ, ಶಿಮ್ಲಾ ಜೊತೆಗೆ ಬೆಂಗಳೂರೂ ಪಟ್ಟಿಯಲ್ಲಿತ್ತು. ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದರೆ ದಿಲ್ಲಿಯಲ್ಲಿ ದಿನದ ಸಾವು ಶೇ 0.31ರಷ್ಟು ಏರಿತು. ಬೆಂಗಳೂರಿನಲ್ಲಿ ಶೇ 3.06ರಷ್ಟು. ಹತ್ತು ನಗರಗಳಲ್ಲೇ ಅತಿ ಹೆಚ್ಚು ಏರಿಕೆ ನಮ್ಮದು.

ಈ ಸಂಖ್ಯೆಯನ್ನು ತಪ್ಪಾಗಿ ಓದುವುದು ಸುಲಭ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಬೆಂಗಳೂರು ದಿಲ್ಲಿಗಿಂತ ಹತ್ತು ಪಟ್ಟು ಅಪಾಯಕಾರಿ ಎಂದು ಇದರ ಅರ್ಥವಲ್ಲ. ಒಟ್ಟು ಲೆಕ್ಕದಲ್ಲಿ ದಿಲ್ಲಿಯಲ್ಲಿ ವರ್ಷಕ್ಕೆ ಸುಮಾರು 12,000 ಸಾವು ಈ ಕಣಗಳ ಖಾತೆಗೆ ಹೋದರೆ, ಬೆಂಗಳೂರಿನಲ್ಲಿ ಸುಮಾರು 2,100. ಆದರೆ ಹಾನಿ ಗಾಳಿಯ ಜೊತೆ ನೇರ ಗೆರೆಯಲ್ಲಿ ಏರುವುದಿಲ್ಲ. ಮೊದಮೊದಲ ಮೈಕ್ರೋಗ್ರಾಂಗಳೇ ಹೆಚ್ಚು ಹೊಡೆತ ಕೊಡುತ್ತವೆ. ಮೇಲೆ ಹೋದಂತೆ ಗೆರೆ ಬಾಗುತ್ತದೆ. ದಿಲ್ಲಿಯಲ್ಲಿ 150 ಇದ್ದದ್ದು 160 ಆದರೆ ಹೊಸದಾಗಿ ಆಗುವ ಕೇಡು ಕಡಿಮೆ, ಏಕೆಂದರೆ ಕೇಡಿನ ದೊಡ್ಡ ಪಾಲು ಕೆಳಗಿನ ಅಂಕಗಳಲ್ಲೇ ಮುಗಿದಿರುತ್ತದೆ. ಬೆಂಗಳೂರಿನಲ್ಲಿ 25 ಇದ್ದದ್ದು 35 ಆದರೆ ಅದು ಗೆರೆ ಕಡಿದಾಗಿರುವ ಜಾಗ. ದಿನದ ಸರಾಸರಿ ನಮ್ಮ ರಾಷ್ಟ್ರೀಯ ಮಿತಿ 60ಕ್ಕಿಂತ ಕೆಳಗಿದ್ದ ದಿನಗಳನ್ನಷ್ಟೇ ಆರಿಸಿ ನೋಡಿದಾಗಲೂ ಸಾವಿನ ಏರಿಕೆ ನಿಲ್ಲಲಿಲ್ಲ, ಸುಮಾರು ದುಪ್ಪಟ್ಟಾಯಿತು. ಅಂದರೆ ‘ತೃಪ್ತಿಕರ’ ಎಂದು ನಾವು ಹಸಿರು ಬಳಿದ ದಿನಗಳಲ್ಲೇ ಜನ ಸಾಯುತ್ತಿದ್ದಾರೆ, ಮತ್ತು ಪ್ರತಿ ಮೈಕ್ರೋಗ್ರಾಂ ಲೆಕ್ಕ ಹಾಕಿದರೆ ಅಲ್ಲೇ ಹೆಚ್ಚು. ಇದರ ಇನ್ನೊಂದು ಮುಖವನ್ನು ಯಾಕೋ ಯಾರೂ ಹೇಳುವುದಿಲ್ಲ: ಇಲ್ಲಿ ಹತ್ತು ಇಳಿಸಿದರೆ ಸಿಗುವ ಲಾಭವೂ ದಿಲ್ಲಿಯಲ್ಲಿ ಹತ್ತು ಇಳಿಸಿದ್ದಕ್ಕಿಂತ ಹೆಚ್ಚು. ಗಾಳಿಯ ಮೇಲೆ ಖರ್ಚು ಮಾಡುವ ರೂಪಾಯಿಗೆ ಬೆಂಗಳೂರಿಗಿಂತ ಒಳ್ಳೆಯ ಜಾಗ ಕಡಿಮೆ.

ಅಂದಹಾಗೆ, ಆ 2,100ರ ಎದುರಿಗೆ ಇಡಬೇಕಾದ ಇನ್ನೊಂದು ಲೆಕ್ಕ: ಬೆಂಗಳೂರಿನ ರಸ್ತೆ ಅಪಘಾತಗಳಲ್ಲಿ ವರ್ಷಕ್ಕೆ ಸಾಯುವವರ ಸಂಖ್ಯೆ ಸಾವಿರ ಮುಟ್ಟುವುದಿಲ್ಲ. ಅದಕ್ಕೆ ಹೆಲ್ಮೆಟ್ ಕಾನೂನು ಇದೆ, ಟ್ರಾಫಿಕ್ ಪೊಲೀಸರಿದ್ದಾರೆ, ಕ್ಯಾಮೆರಾ ಇದೆ, ದಂಡ ಇದೆ, ಗುಂಡಿ ಮುಚ್ಚಲಿಲ್ಲವೆಂದು ಹೈಕೋರ್ಟಿನಲ್ಲಿ ಛೀಮಾರಿ ಇದೆ.

ಸಾವು ಎಂದಾಗ ಕೆಮ್ಮಿ ಕೆಮ್ಮಿ ಸಾಯುವ ಚಿತ್ರ ಕಣ್ಣಿಗೆ ಬರುತ್ತದೆ, ಅದೂ ನಮ್ಮನ್ನು ದಾರಿ ತಪ್ಪಿಸಿದೆ. ಪಿಎಂ 2.5 ಕೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲು. ಮೂಗು ತಡೆಯದು, ಗಂಟಲು ತಡೆಯದು, ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನ ತನಕ ಹೋಗುತ್ತದೆ. ಅಲ್ಲಿ ಎಬ್ಬಿಸಿದ ಉರಿಯೂತ ರಕ್ತನಾಳಗಳಿಗೆ ಹರಡುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಆದ್ದರಿಂದಲೇ ಈ ಗಾಳಿಯಿಂದ ಸಾಯುವವರಲ್ಲಿ ದೊಡ್ಡ ಪಾಲು ಹೃದಯಾಘಾತ, ಪಾರ್ಶ್ವವಾಯು ಆದವರದು. ಅವರ ಮರಣ ಪತ್ರದಲ್ಲಿ ಬರೆಯುವುದು ಹೃದಯಾಘಾತ ಎಂದೇ. ಮನೆಯವರು ಬಿಪಿ ಇತ್ತು ಅನ್ನುತ್ತಾರೆ, ಟೆನ್ಷನ್ ಜಾಸ್ತಿ ಮಾಡ್ಕೊಂಡಿದ್ರು ಅನ್ನುತ್ತಾರೆ. ಗಾಳಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಈ ಮೌನದ ಮೇಲೆಯೇ ಸರ್ಕಾರಿ ವಾದ ನಿಂತಿದೆ. ವಾಯುಮಾಲಿನ್ಯವೊಂದರಿಂದಲೇ ಸಾವು ಸಂಭವಿಸಿದೆ ಎಂದು ಸ್ಥಾಪಿಸುವ ನಿರ್ಣಾಯಕ ದತ್ತಾಂಶ ಇಲ್ಲ ಎಂಬ ಅರ್ಥದ ಉತ್ತರವನ್ನು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಒಂದಲ್ಲ, ಹಲವು ಸಲ ಕೊಟ್ಟಿದೆ. ಚಾಣಾಕ್ಷ ವಾಕ್ಯ. ಯಾವ ಸಾವು ತಾನೇ ಒಂದೇ ಕಾರಣದಿಂದ ಆಗುತ್ತದೆ? ತಂಬಾಕಿಗೂ ಇದೇ ಮಾತು ಹೇಳಬಹುದು, ಸಿಗರೇಟು ಕಂಪನಿಗಳು ದಶಕಗಟ್ಟಲೆ ಹೇಳಿದವು ಕೂಡ. ಲಂಡನ್ನಿನಲ್ಲಿ ಎಲಾ ಆಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ಆಸ್ತಮಾದಿಂದ ತೀರಿಕೊಂಡಳು. ಅವಳ ಮನೆ ಇದ್ದದ್ದು ಸೌತ್ ಸರ್ಕ್ಯುಲರ್ ಎಂಬ ವಾಹನ ದಟ್ಟಣೆಯ ರಸ್ತೆಯ ಹತ್ತಿರ. ಮೊದಲ ವಿಚಾರಣೆಯಲ್ಲಿ ಉಸಿರಾಟದ ವೈಫಲ್ಯ ಎಂದಷ್ಟೇ ಬರೆದರು. ಅವಳ ತಾಯಿ ಬಿಡಲಿಲ್ಲ. ಹೋರಾಡಿ ಆ ತೀರ್ಪನ್ನು ರದ್ದು ಮಾಡಿಸಿದಳು. 2020ರ ಡಿಸೆಂಬರಿನಲ್ಲಿ ಎರಡನೇ ವಿಚಾರಣೆ ಮುಗಿದಾಗ, ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ಅಧಿಕೃತವಾಗಿ ದಾಖಲಾಯಿತು. ಅಲ್ಲಿ ಸಾಧ್ಯವಾದದ್ದು ಯಾಕೆಂದರೆ ಅವಳ ಮನೆಯಿಂದ ದೂರವಲ್ಲದ ಜಾಗಗಳ ಗಾಳಿಯ ವರ್ಷಗಟ್ಟಲೆಯ ಲೆಕ್ಕ ತಜ್ಞರ ಕೈಗೆ ಸಿಕ್ಕಿತು. ಅಳೆಯದೆ ಇರುವವರು ದತ್ತಾಂಶ ಇಲ್ಲ ಎನ್ನುವುದು ಸುಲಭ.

ಬೆಂಗಳೂರಿನಲ್ಲಿ ದತ್ತಾಂಶ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಐದೈದು ವರ್ಷಕ್ಕೊಮ್ಮೆ ಎಣಿಸುತ್ತಾ ಹೋದರು. ಅವರಲ್ಲಿ ಆಸ್ತಮಾ ಇದ್ದವರು 1979ರಲ್ಲಿ ಶೇ 9, 1999ರ ಹೊತ್ತಿಗೆ ಶೇ 29.5. ಆಸ್ಪತ್ರೆಗೆ ಬಂದವರ ಲೆಕ್ಕ ಊರಿನ ಲೆಕ್ಕವಲ್ಲ ಎಂದು ಯಾರಾದರೂ ತಗಾದೆ ತೆಗೆದರೆ ಒಪ್ಪಬೇಕಾದದ್ದೇ. ಹಾಗಾಗಿ ಅವರ ಇನ್ನೊಂದು ಸಮೀಕ್ಷೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಹನ್ನೆರಡು ಶಾಲೆಗಳ ಆರೂವರೆ ಸಾವಿರ ಮಕ್ಕಳು. ವಾಹನ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಆಸ್ತಮಾ ಶೇ 11ರಷ್ಟು. ವಾಹನ ದಟ್ಟಣೆಯ ರಸ್ತೆಯ ಶಾಲೆಗಳಲ್ಲಿ ಶೇ 19. ದಟ್ಟಣೆಯ ರಸ್ತೆಯೂ ಹೌದು, ಬಡವರ ಮಕ್ಕಳ ಶಾಲೆಯೂ ಹೌದು ಎಂಬಲ್ಲಿ ಶೇ 31. ಈ ಬರಹ ಅಚ್ಚಾದದ್ದು 2002ರಲ್ಲಿ. ಆಗ ಮೆಟ್ರೊ ಇರಲಿಲ್ಲ, ಹೊರವರ್ತುಲ ರಸ್ತೆಯ ಐಟಿ ಸಾಲು ಈಗಿನಷ್ಟು ಬೆಳೆದಿರಲಿಲ್ಲ, ಊರಿನ ವಾಹನ ಈಗಿನ ಒಂದು ಸಣ್ಣ ಪಾಲು. ಊರು ಒಂದೇ. ಮಕ್ಕಳ ಎದೆಯೊಳಗೆ ಮಾತ್ರ ಹನ್ನೊಂದಕ್ಕೂ ಮೂವತ್ತೊಂದಕ್ಕೂ ಇರುವಷ್ಟು ಅಂತರ. ‘ಬೆಂಗಳೂರಿನ ಗಾಳಿ ಚೆನ್ನಾಗಿದೆ’ ಎಂದು ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಿಂದ ಹೇಳುವವರು ಯಾವ ಬೆಂಗಳೂರಿನ ಮಾತಾಡುತ್ತಿದ್ದಾರೆ ಎಂದು ಕೇಳಲೇಬೇಕಾಗುತ್ತದೆ.

ಸಮಾಧಾನ ಬರೀ ಮನಸ್ಸಿನಲ್ಲಿದ್ದರೆ ಅದರ ವಿರುದ್ಧ ಇಷ್ಟು ಬರೆಯಬೇಕಿರಲಿಲ್ಲ. ಅದು ಖಜಾನೆಗೂ ಇಳಿದಿದೆ. ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ, ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರು ಬಂದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಹೌದು, ವಾಟ್ಸ್‌ಆ್ಯಪ್ಪಿನಲ್ಲಿ ಹಸಿರಾಗಿರುವ ಬೆಂಗಳೂರು ಕೇಂದ್ರ ಸರ್ಕಾರದ ಕಡತದಲ್ಲಿ ಫೇಲಾದ ನಗರ. ಆದರೆ ಆ ಕಾರ್ಯಕ್ರಮದಲ್ಲಿ ಅಂಕ ಕೊಡುವುದು ಪಿಎಂ 10ಕ್ಕೆ, ಅಂದರೆ ದಪ್ಪ ಧೂಳಿಗೆ. ಧೂಳು ಇಳಿಸಿದರೆ ಅಂಕ, ಅಂಕ ಬಂದರೆ ಅನುದಾನ. ಹಾಗಾಗಿ ಊರೂರಲ್ಲೂ ಕಸಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ, ರಸ್ತೆ ಅಂಚಿಗೆ ಟೈಲ್ಸ್. ದೇಶದಲ್ಲಿ ಈ ಬಾಬ್ತಿನಲ್ಲಿ ಖರ್ಚಾದ ಹಣದ ಶೇ 64 ರಸ್ತೆ ಧೂಳಿಗೇ ಹೋಯಿತು ಎಂದು ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ತೆಗೆಯಿತು. ಹೃದಯಕ್ಕೆ ಇಳಿಯುವ ಕಣ ಎಂಜಿನ್ನಿನಲ್ಲಿ, ಕಸಕ್ಕಿಟ್ಟ ಬೆಂಕಿಯಲ್ಲಿ, ಡೀಸೆಲ್ ಜನರೇಟರಿನಲ್ಲಿ ಹುಟ್ಟುತ್ತದೆ. ಇನ್ನೊಂದಷ್ಟು ಹೊಗೆಯ ಅನಿಲಗಳು ಗಾಳಿಯಲ್ಲೇ ಸೇರಿ ಕಣವಾಗುತ್ತವೆ. ನೀರು ಚಿಮುಕಿಸಿದರೆ ಅದು ಕೂರುವುದಿಲ್ಲ.

ಎಂಜಿನ್ನಿನ ಹೊಗೆಗೆ ತಪಾಸಣೆ ಇದೆಯಲ್ಲ ಎಂದರೆ, ಪೆಟ್ರೋಲ್ ಬಂಕಿನ ಮೂಲೆಗೆ ಬನ್ನಿ. ಅಲ್ಲೊಂದು ಹಳೆಯ ಓಮ್ನಿ ವ್ಯಾನು ನಿಂತಿರುತ್ತದೆ, ಹಿಂದಿನ ಬಾಗಿಲು ಮೇಲೆತ್ತಿ ಒಳಗೆ ಕಂಪ್ಯೂಟರು, ಪ್ರಿಂಟರು. ಹುಡುಗ ಸ್ಕೂಟರಿನ ಸೈಲೆನ್ಸರಿಗೆ ಒಂದು ಕೊಳವೆ ತೂರಿಸುತ್ತಾನೆ, ನಂಬರ್ ಪ್ಲೇಟಿನ ಫೋಟೊ ಹೊಡೆಯುತ್ತಾನೆ, ಆಕ್ಸಿಲರೇಟರ್ ಕೊಡಬೇಡಿ ಸಾರ್ ಅನ್ನುತ್ತಾನೆ, ಎರಡು ನಿಮಿಷದಲ್ಲಿ ಸರ್ಟಿಫಿಕೇಟು ಕೈಗೆ. ಎಮಿಷನ್ ಟೆಸ್ಟ್ ಮುಗಿಯಿತು. ಪೆಟ್ರೋಲ್ ಗಾಡಿಗೆ ಅದು ನೋಡುವುದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಇವೆರಡನ್ನು, ಅದೂ ಗಾಡಿ ನಿಂತಲ್ಲೇ ನಿಂತಿರುವಾಗ. ಡೀಸೆಲ್ಲಿಗೆ ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ. ಪಿಎಂ 2.5 ಇಲ್ಲ, ನೈಟ್ರೋಜನ್ ಆಕ್ಸೈಡ್ ಇಲ್ಲ. ಊರಿನ ಗಾಳಿಯ ಮುಖ್ಯ ಆರೋಪಿಯನ್ನು ನಾವು ತಡೆದು ನಿಲ್ಲಿಸುವುದು ನಿಜ, ಜೇಬು ತಡಕುವುದಿಲ್ಲ, ಅಷ್ಟೇ.

ದಿಲ್ಲಿಯನ್ನು ತೋರಿಸುವುದರಿಂದ ಲಾಭ ಯಾರಿಗೆ ಎಂದು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬಿಎಂಟಿಸಿಗೆ ಹೊಸ ಬಸ್ ಯಾಕೆ ಸಾಲುತ್ತಿಲ್ಲ ಎಂಬ ಪ್ರಶ್ನೆ ಏಳುವುದಿಲ್ಲ. ಕೋಟಿ ವಾಹನದ ಊರಿಗೆ ಏಳು ಸಾವಿರದ ಆಸುಪಾಸಿನ ಬಸ್ಸು ಎಂಬುದು ಬರೀ ಸಾರಿಗೆಯ ವಿಷಯವಾಗಿ ಉಳಿಯುತ್ತದೆ, ಆರೋಗ್ಯದ ವಿಷಯ ಆಗುವುದೇ ಇಲ್ಲ. ಸುರಂಗ ರಸ್ತೆಯೋ ಮೇಲ್ಸೇತುವೆಯೋ ಬಂದು ಇನ್ನಷ್ಟು ಕಾರು ಕರೆದರೆ, ಆ ಹೊಗೆಯ ಲೆಕ್ಕವನ್ನು ಯಾರೂ ಯೋಜನಾ ವರದಿಯಲ್ಲಿ ಹುಡುಕುವುದಿಲ್ಲ. ಖಾಲಿ ಸೈಟಿನಲ್ಲಿ ಕಸಕ್ಕೆ ಬೆಂಕಿ ಇಟ್ಟವನನ್ನು ಕೇಳಿದರೆ ಅವನೂ ಇದನ್ನೇ ಹೇಳುತ್ತಾನೆ: ಬಿಡಿ ಸಾರ್, ಇದೇನು ದಿಲ್ಲಿನಾ?

ಮಾಡಬೇಕಾದ್ದರಲ್ಲಿ ಮೊದಲನೆಯದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ. ಚೌಕದ ಫಲಕಗಳಲ್ಲಿ ಬಣ್ಣ ತೆಗೆದು, ಆ ಗಂಟೆಯ ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಎಂಬುದನ್ನು ಹಾಗೇ ಬರೆಯಲಿ, ಪಕ್ಕದಲ್ಲಿ 15 ಎಂದೂ ಬರೆಯಲಿ. ಊರಿನ ಸರಾಸರಿ ಬೇಡ. ಸಿಲ್ಕ್ ಬೋರ್ಡಿನದು ಸಿಲ್ಕ್ ಬೋರ್ಡಿನಲ್ಲಿ, ಪೀಣ್ಯದ್ದು ಪೀಣ್ಯದಲ್ಲಿ. ಅನುದಾನದ ಅಂಕ ಪಿಎಂ 10ರಿಂದ ಪಿಎಂ 2.5ಕ್ಕೆ ಹೋಗಲಿ, ಮಿತಿ ಕಡೇ ಪಕ್ಷ ಆ ಮೊದಲ ಮೆಟ್ಟಿಲು 35ಕ್ಕಾದರೂ ಬರಲಿ. ಮತ್ತೆ, 2002ರ ಆ ಸಮೀಕ್ಷೆಯಲ್ಲಿ ಶೇ 31 ಬಂದಂಥ ಶಾಲೆಗಳಿವೆಯಲ್ಲ, ದಟ್ಟಣೆಯ ರಸ್ತೆಗೆ ಗೇಟು ತೆರೆಯುವ ಸರ್ಕಾರಿ ಶಾಲೆಗಳು, ಅವುಗಳ ಗೇಟಿನಲ್ಲಿ ಒಂದೊಂದು ಉಪಕರಣ ಕೂರಲಿ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ. ಮುಂದಿನ ವರ್ಷದ ಬಜೆಟ್ಟಿನಲ್ಲಿ ನೀರು ಚಿಮುಕಿಸುವ ಲಾರಿಗಳ ಬಾಬ್ತಿನಿಂದ ಒಂದಿಷ್ಟು ತೆಗೆದರೆ ಅದಕ್ಕೆ ಸಾಕಾಗುತ್ತದೆ.